ಎಳೆಯರೂ ಗಣಕಯಂತ್ರವೂ: ಕಾಲಮಿತಿಯ ವಿಧಿಗಳ ಒಂದು ವಿಮರ್ಶೆ

೧

ಎಳೆಯ ಮಕ್ಕಳು ದಿನವೊಂದಕ್ಕೆ ಎಷ್ಟು ಹೊತ್ತು ಗಣಕಯಂತ್ರವನ್ನು ಬಳಸಬಹುದು ಎಂಬ ಪ್ರಶ್ನೆಗೆ ಕಳೆದ ಕಾಲು ಶತಮಾನದಲ್ಲಿ ವೈದ್ಯ ಸಂಘಗಳೂ ಸರಕಾರಗಳೂ ಅಂತರರಾಷ್ಟ್ರೀಯ ಸಂಸ್ಥೆಗಳೂ ಅಂಕಿಗಳಲ್ಲಿ ಉತ್ತರ ಕೊಡುತ್ತ ಬಂದಿವೆ. ಗಣಕಯಂತ್ರವೆಂಬ ಮಾತಿನಲ್ಲಿ ಮೇಜಿನ ಮೇಲಿನ ಕಂಪ್ಯೂಟರ್, ಲ್ಯಾಪ್‌ಟಾಪ್, ಟ್ಯಾಬ್ಲೆಟ್, ಅಂಗೈಯಲ್ಲಿ ಹಿಡಿಯುವ ಮೊಬೈಲ್ ಇವೆಲ್ಲವನ್ನೂ ಇಲ್ಲಿ ಸೇರಿಸಿಕೊಂಡಿದೆ; ಇಂದಿನ ಮಗುವಿನ ಮಟ್ಟಿಗೆ ಇವುಗಳೊಳಗಿನ ಭೇದವು ಗಾತ್ರದ ಭೇದವೇ ಹೊರತು ಸ್ವರೂಪದ ಭೇದವಲ್ಲ. ಈ ವಿಧಿಗಳ ವೈದ್ಯಕೀಯ ಸತ್ಯಾಸತ್ಯವನ್ನು ನಿರ್ಣಯಿಸುವ ಅಧಿಕಾರವು ವೈದ್ಯರದು. ಆದರೆ ಅವು ಬರೆಹಗಳೂ ಆಗಿವೆ. ಒಂದು ಕಾಲದಲ್ಲಿ, ಒಂದು ಸಂದರ್ಭದ ಒತ್ತಡದಲ್ಲಿ, ಒಬ್ಬರು ಮತ್ತೊಬ್ಬರಿಗೆ ವಿಧಿಸಿದ ಮಾತುಗಳು ಅವು. ಅಂಥ ಮಾತಿನ ಆಧಾರವೇನು, ಅದನ್ನು ಯಾರಿಗೆ ಹೇಳಿದೆ, ಹೇಳದೆ ಬಿಟ್ಟದ್ದು ಯಾವುದು ಎಂದು ಕೇಳುವುದು ಇತಿಹಾಸದ ವಿದ್ಯಾರ್ಥಿಗೆ ನಿತ್ಯದ ಅಭ್ಯಾಸವಾದುದರಿಂದ, ಆ ದೃಷ್ಟಿಯಿಂದ ಇವುಗಳನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಪರಿಶೀಲನೆಗೆ ನೆಲೆಯಾಗಿ ಕಾರವಾರ ತಾಲೂಕಿನ ಕೈಗಾವನ್ನು ಆರಿಸಿಕೊಂಡಿರುವುದಕ್ಕೆ ಎರಡು ಕಾರಣಗಳುಂಟು. ಕಾಳೀನದಿಯ ದಂಡೆಯ ಈ ಊರಿನಲ್ಲಿ ತಲಾ ೨೨೦ ಮೆಗಾವಾಟ್ ಸಾಮರ್ಥ್ಯದ ನಾಲ್ಕು ಅಣುವಿದ್ಯುತ್ ಘಟಕಗಳು ೨೦೦೦ದಿಂದ ೨೦೧೧ರ ವರೆಗಿನ ಅವಧಿಯಲ್ಲಿ ಒಂದಾದ ಮೇಲೊಂದರಂತೆ ಕಾರ್ಯಾರಂಭ ಮಾಡಿದವು. ಅವುಗಳಲ್ಲಿ ಮೊದಲನೆಯ ಘಟಕವು ೨೦೧೮ರ ಡಿಸೆಂಬರ್ ೩೧ರವರೆಗೆ ೯೬೨ ದಿನ ಎಡೆಬಿಡದೆ ನಡೆದು ಅಂದಿಗೆ ಜಗತ್ತಿನ ದಾಖಲೆಯನ್ನೇ ಸ್ಥಾಪಿಸಿತು. ಹಗಲಿರುಳು ನಿಲ್ಲದ ಯಂತ್ರವನ್ನು ನೋಡಿಕೊಳ್ಳುವವರು ಪಾಳಿಯ ಮೇಲೆ ದುಡಿಯಬೇಕಾಗುತ್ತದೆ. ಆದ್ದರಿಂದ ಮಲ್ಲಾಪುರದ ವಸತಿ ಬಡಾವಣೆಯ ಅನೇಕ ಮನೆಗಳಲ್ಲಿ ತಂದೆಯ ಅಥವಾ ತಾಯಿಯ ಸಂಜೆ ಒಂದು ವಾರ ಇದ್ದಂತೆ ಇನ್ನೊಂದು ವಾರ ಇರುವುದಿಲ್ಲ. ಇದು ಮೊದಲನೆಯ ಕಾರಣ. ಎರಡನೆಯದು, ಮನುಷ್ಯನ ದೇಹಕ್ಕೆ ತಗಲಬಹುದಾದ ಒಂದು ಅಪಾಯವನ್ನು ಅಳೆದು, ಅದಕ್ಕೆ ಮಿತಿ ಕಟ್ಟಿ, ಆ ಮಿತಿಯನ್ನು ಲೆಕ್ಕವಿಟ್ಟು ಪಾಲಿಸುವ ಶಾಸ್ತ್ರವು ನಮ್ಮ ಜಿಲ್ಲೆಯಲ್ಲಿ ಇಷ್ಟು ವ್ಯವಸ್ಥಿತವಾಗಿ ನಡೆಯುವ ಸ್ಥಳ ಮತ್ತೊಂದಿಲ್ಲ. ಮಿತಿಯೆಂದರೇನು ಎಂಬುದನ್ನು ಕಲಿಯಲು ಅದು ತಕ್ಕ ಶಾಲೆ.

೨

ಮೊದಲು ಮೂಲಗಳ ವಿಚಾರ. ೧೯೯೯ರಲ್ಲಿ ಅಮೆರಿಕದ ಶಿಶುವೈದ್ಯರ ಅಕಾಡೆಮಿಯು ಎರಡು ವರ್ಷದೊಳಗಿನ ಮಕ್ಕಳಿಗೆ ದೂರದರ್ಶನ ಬೇಡವೆಂದು ಸಲಹೆ ಮಾಡಿತು. ೨೦೧೦ರಲ್ಲಿ ಐಪ್ಯಾಡ್ ಮಾರುಕಟ್ಟೆಗೆ ಬಂದು ಪರದೆಯು ಗೋಡೆಯ ಬದಿಯಿಂದ ಮಗುವಿನ ಮಡಿಲಿಗೆ ಇಳಿದ ಮೇಲೆ, ೨೦೧೬ರಲ್ಲಿ ಅದೇ ಅಕಾಡೆಮಿಯು ತನ್ನ ಮಾತನ್ನು ತಿದ್ದಿಕೊಂಡಿತು: ಹದಿನೆಂಟು ತಿಂಗಳಿನವರೆಗೆ ಬಂಧುಗಳೊಡನೆ ಮುಖ ನೋಡಿ ಮಾತಾಡುವ ವೀಡಿಯೊ ಕರೆಯ ಹೊರತು ಬೇರೇನೂ ಬೇಡ; ಎರಡರಿಂದ ಐದು ವರ್ಷದವರಿಗೆ ದಿನಕ್ಕೆ ಒಂದು ಗಂಟೆ, ಅದೂ ಒಳ್ಳೆಯ ಮಟ್ಟದ ಕಾರ್ಯಕ್ರಮಗಳು, ಸಾಧ್ಯವಾದಷ್ಟೂ ಹಿರಿಯರ ಜೊತೆಯಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯು ೨೦೧೯ರ ಏಪ್ರಿಲ್‌ನಲ್ಲಿ ಐದು ವರ್ಷದೊಳಗಿನವರಿಗಾಗಿ ಪ್ರಕಟಿಸಿದ ಮಾರ್ಗಸೂಚಿಯಲ್ಲಿ ಒಂದು ವರ್ಷದ ಕೂಸಿಗೆ ಪರದೆಯ ಮುಂದೆ ಕುಳಿತಿರುವುದನ್ನು ನಿಷೇಧಿಸಿ, ಎರಡರಿಂದ ನಾಲ್ಕು ವರ್ಷದವರಿಗೆ ಒಂದು ಗಂಟೆಯನ್ನು ಮೀರಬಾರದು, ಕಡಿಮೆಯಾದಷ್ಟೂ ಮೇಲು ಎಂದಿತು. ಭಾರತೀಯ ಶಿಶುವೈದ್ಯರ ಅಕಾಡೆಮಿಯು ೨೦೨೧ರಲ್ಲಿ ಸಿದ್ಧಪಡಿಸಿದ ಮಾರ್ಗಸೂಚಿಯೂ ಇದೇ ಜಾಡಿನದು; ಅದರಂತೆ ಐದರಿಂದ ಹತ್ತು ವರ್ಷದವರಿಗೆ ಎರಡು ಗಂಟೆಗಿಂತ ಕಡಿಮೆ.

ಈ ಅಂಕಿಗಳು ಪತ್ರಿಕೆಗಳ ಮೂಲಕ ಮನೆಮನೆಗೂ ಮುಟ್ಟಿವೆ. ಆದರೆ ಮೂಲವನ್ನೇ ತೆರೆದು ಓದಿದವರಿಗೆ ಎರಡು ಸಂಗತಿಗಳು ಎದ್ದು ಕಾಣುತ್ತವೆ. ಒಂದನೆಯದಾಗಿ, ವಿಶ್ವ ಆರೋಗ್ಯ ಸಂಸ್ಥೆಯ ಬರೆಹವು ಪರದೆಯ ಮೇಲಿನ ಬರೆಹವೇ ಅಲ್ಲ. ಅದು ಮಗುವಿನ ಇಪ್ಪತ್ತನಾಲ್ಕು ಗಂಟೆಯ ಮೇಲಿನ ಬರೆಹ. ಮೂರು ನಾಲ್ಕು ವರ್ಷದ ಮಗುವಿಗೆ ೧೦ರಿಂದ ೧೩ ಗಂಟೆಗಳ ನಿದ್ದೆ ಬೇಕು, ದಿನದಲ್ಲಿ ಕನಿಷ್ಠ ೧೮೦ ನಿಮಿಷಗಳ ಓಡಾಟ ಬೇಕು, ಕುಳಿತಿರುವ ಹೊತ್ತಿನಲ್ಲಿ ಹಿರಿಯರ ಜೊತೆ ಕಥೆ ಕೇಳುವುದೂ ಓದುವುದೂ ಬೇಕು ಎಂದು ಅದು ಮೊದಲು ಹೇಳುತ್ತದೆ. ಪರದೆಯ ಒಂದು ಗಂಟೆಯು ಈ ಇಡೀ ದಿನದ ಲೆಕ್ಕದಲ್ಲಿ ಉಳಿದ ಒಂದು ಬಾಬು ಮಾತ್ರ. ಪತ್ರಿಕೆಗಳು ಆ ಬಾಬನ್ನು ಮಾತ್ರ ಕತ್ತರಿಸಿ ತಲೆಬರೆಹ ಮಾಡಿದುದರಿಂದ, ದಿನದ ವ್ಯವಸ್ಥೆಯನ್ನು ಕುರಿತ ಉಪದೇಶವು ಒಂದು ವಸ್ತುವಿನ ಮೇಲಿನ ನಿಷೇಧವಾಗಿ ಪರಿಣಮಿಸಿತು. ಶಾಸನದ ಒಂದು ಸಾಲನ್ನು ಮಾತ್ರ ಓದಿ ದಾನದ ಉದ್ದೇಶವನ್ನು ನಿರ್ಣಯಿಸಿದರೆ ಎಂಥ ಪ್ರಮಾದವಾಗುವುದೋ ಇದೂ ಅಂಥದೇ.

ಎರಡನೆಯದಾಗಿ, ಅದೇ ಬರೆಹವು ತನ್ನ ಶಿಫಾರಸನ್ನು ಪ್ರಬಲವೆಂದೂ, ಅದಕ್ಕೆ ಆಧಾರವಾದ ಸಾಕ್ಷ್ಯದ ಗುಣಮಟ್ಟವನ್ನು ಅತಿ ಕೆಳಮಟ್ಟದ್ದೆಂದೂ ತಾನೇ ನಮೂದಿಸಿದೆ. ಇದರಲ್ಲಿ ಅಪ್ರಾಮಾಣಿಕತೆಯಿಲ್ಲ, ಪ್ರಾಮಾಣಿಕತೆಯೇ ಇದೆ. ಸಾಕ್ಷ್ಯ ದುರ್ಬಲವೆಂದ ಮಾತ್ರಕ್ಕೆ ಹೇಳಿಕೆ ಸುಳ್ಳೆಂದು ಅರ್ಥವಲ್ಲವೆಂಬುದು ನಮ್ಮ ಶಾಸ್ತ್ರದಲ್ಲಿ ಎಲ್ಲರಿಗೂ ತಿಳಿದದ್ದೇ. ಮಗು ಎಷ್ಟು ಹೊತ್ತು ನೋಡಿತೆಂಬುದನ್ನು ತಾಯಿತಂದೆಯರ ನೆನಪಿನಿಂದ ಬರೆದುಕೊಳ್ಳುವ ಅಧ್ಯಯನಗಳೇ ಬಹಳ. ಹೆಚ್ಚು ನೋಡಿದ ಮಗು ಮಾತಿನಲ್ಲಿ ಹಿಂದುಳಿದಿದ್ದರೆ, ನೋಡಿದ್ದರಿಂದ ಹಿಂದುಳಿಯಿತೋ, ಮನೆಯಲ್ಲಿ ಮಾತಾಡಿಸುವವರಿಲ್ಲದ್ದರಿಂದ ಎರಡೂ ಒಟ್ಟಿಗೆ ಸಂಭವಿಸಿದವೋ ಹೇಳುವುದು ಕಷ್ಟ. ಈ ಕಾರಣದಿಂದಲೇ ಬ್ರಿಟನ್ನಿನ ಮಕ್ಕಳ ವೈದ್ಯರ ರಾಯಲ್ ಕಾಲೇಜು ೨೦೧೯ರ ಜನವರಿಯಲ್ಲಿ ಗಂಟೆಯ ಮಿತಿಯನ್ನು ವಿಧಿಸಲು ಒಪ್ಪಲಿಲ್ಲ. ಬದಲಿಗೆ ಮನೆಯವರು ತಮ್ಮನ್ನೇ ಕೇಳಿಕೊಳ್ಳಬೇಕಾದ ನಾಲ್ಕು ಪ್ರಶ್ನೆಗಳನ್ನು ಮುಂದಿಟ್ಟಿತು: ಪರದೆಯ ಬಳಕೆ ಹತೋಟಿಯಲ್ಲಿದೆಯೆ, ಮನೆಮಂದಿ ಕೂಡಿ ಮಾಡಬೇಕೆಂದಿದ್ದ ಕೆಲಸಗಳಿಗೆ ಅದು ಅಡ್ಡಿಯಾಗುತ್ತಿದೆಯೆ, ನಿದ್ದೆಗೆ ಕುಂದು ತರುತ್ತಿದೆಯೆ, ನೋಡುತ್ತ ತಿನ್ನುವ ಚಾಳಿ ಹತೋಟಿಯಲ್ಲಿದೆಯೆ. ಮಲಗುವುದಕ್ಕೆ ಒಂದು ಗಂಟೆ ಮೊದಲು ಪರದೆ ಮುಚ್ಚಬೇಕೆಂದು ಮಾತ್ರ ಅದು ಹೇಳಿತು.

ಒಂದೇ ವರ್ಷದ ಮೂರು ತಿಂಗಳ ಅಂತರದಲ್ಲಿ ಎರಡು ಗೌರವಾನ್ವಿತ ಸಂಸ್ಥೆಗಳು ಒಂದೇ ಬಗೆಯ ಸಾಕ್ಷ್ಯವನ್ನು ಮುಂದಿಟ್ಟುಕೊಂಡು ಹೀಗೆ ಬೇರೆ ಬೇರೆ ದಾರಿ ಹಿಡಿದಿರುವುದು ಗಮನಾರ್ಹ. ಒಂದರದು ಎಚ್ಚರಿಕೆಯ ದಾರಿ: ಕೂಸು ತನ್ನ ಪರವಾಗಿ ವಾದಿಸಲಾರದು, ಆದ್ದರಿಂದ ಸಾಕ್ಷ್ಯ ಪೂರ್ಣವಾಗುವ ಮೊದಲೇ ಬೇಲಿ ಹಾಕೋಣ ಎಂಬುದು. ಮತ್ತೊಂದರದು ಸಂಯಮದ ದಾರಿ: ತಿಳಿಯದ್ದನ್ನು ತಿಳಿದಂತೆ ಹೇಳಿ ತಾಯಂದಿರಲ್ಲಿ ಅಪರಾಧ ಭಾವನೆಯನ್ನು ಬಿತ್ತುವುದು ಬೇಡ ಎಂಬುದು. ಎರಡಕ್ಕೂ ನ್ಯಾಯವುಂಟು. ಆದರೆ ಎರಡೂ ಒಂದು ತೊಡಕನ್ನು ಪೂರ್ತಿಯಾಗಿ ಬಿಡಿಸಲಿಲ್ಲ. ಆ ತೊಡಕು ಅಳತೆಯದು.

೩

ಕೈಗಾದಂಥ ಸ್ಥಾವರದಲ್ಲಿ ವಿಕಿರಣದ ವಲಯಕ್ಕೆ ಹೋಗುವ ಕೆಲಸಗಾರನು ತನ್ನ ದೇಹಕ್ಕೆ ತಗಲಿದ ಪ್ರಮಾಣವನ್ನು ದಾಖಲಿಸುವ ಬಿಲ್ಲೆಯೊಂದನ್ನು ಧರಿಸಿರುತ್ತಾನೆ. ಅಣುಶಕ್ತಿ ನಿಯಂತ್ರಣ ಮಂಡಳಿಯು ಅವನಿಗೆ ವಿಧಿಸಿದ ಮಿತಿಯು ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ ೨೦ ಮಿಲಿಸೀವರ್ಟ್. ಯಾವ ಒಂದು ವರ್ಷದಲ್ಲಿಯೂ ೩೦ನ್ನು ಮೀರುವಂತಿಲ್ಲ. ಹೊರಗಿನ ಸಾರ್ವಜನಿಕರಿಗೆ ಅದು ವರ್ಷಕ್ಕೆ ೧ ಮಾತ್ರ. ಇಲ್ಲಿ ಅಂಕಿಗಿಂತ ಮಾನವು ಮುಖ್ಯ. ಸೀವರ್ಟ್ ಎಂಬುದು ಬರಿಯ ಶಕ್ತಿಯ ಅಳತೆಯಲ್ಲ. ಕಿರಣದ ಜಾತಿಯನ್ನು ನೋಡಿ ತೂಕ ಕೊಟ್ಟ ಅಳತೆ ಅದು. ಒಂದೇ ಪ್ರಮಾಣದ ಶಕ್ತಿಯನ್ನು ದೇಹದಲ್ಲಿ ಬಿಟ್ಟರೂ ಗಾಮಾ ಕಿರಣಕ್ಕೆ ೧ ಎಂಬ ತೂಕವಾದರೆ ಆಲ್ಫಾ ಕಣಕ್ಕೆ ೨೦. ಅಂದರೆ ಎಷ್ಟು ಎಂದು ಕೇಳುವ ಮೊದಲೇ ಯಾವುದು ಎಂಬ ಪ್ರಶ್ನೆಯು ಮಾನದ ಒಳಗೇ ಸೇರಿಹೋಗಿದೆ.

ಮಗುವಿನ ಗಣಕಯಂತ್ರದ ಕಾಲಮಿತಿಯಲ್ಲಿ ಬಳಸುವ ಮಾನವು ನಿಮಿಷ. ನಿಮಿಷಕ್ಕೆ ಈ ತೂಕವಿಲ್ಲ. ಮಲ್ಲಾಪುರದ ಮನೆಯೊಂದರಲ್ಲಿ ನಾಲ್ಕು ವರ್ಷದ ಮಗು ದೂರದ ರಾಜ್ಯದಲ್ಲಿರುವ ಅಜ್ಜಿಯೊಡನೆ ಪರದೆಯಲ್ಲಿ ಮಾತಾಡಿದ ಇಪ್ಪತ್ತು ನಿಮಿಷ, ಅಕ್ಕನ ಪಕ್ಕದಲ್ಲಿ ಕುಳಿತು ಚಿತ್ರ ಬರೆದ ಇಪ್ಪತ್ತು ನಿಮಿಷ, ಒಂದರ ಬಾಲಕ್ಕೆ ಇನ್ನೊಂದು ತಾನಾಗಿ ಅಂಟಿಕೊಂಡು ಬರುವ ಕಿರುಚಿತ್ರಗಳನ್ನು ಒಂಟಿಯಾಗಿ ನೋಡಿದ ಇಪ್ಪತ್ತು ನಿಮಿಷ, ಇವು ಮೂರೂ ಕೂಡಿ ಒಂದು ಗಂಟೆ. ಮಾರ್ಗಸೂಚಿಗಳು ವೀಡಿಯೊ ಕರೆಗೆ ವಿನಾಯಿತಿ ಕೊಟ್ಟು, ಒಳ್ಳೆಯ ಕಾರ್ಯಕ್ರಮವೆಂಬ ವಿಶೇಷಣವನ್ನು ಸೇರಿಸಿ ಈ ಭೇದವನ್ನು ಒಪ್ಪಿಕೊಂಡಿವೆ. ಆದರೆ ಒಪ್ಪಿಕೊಂಡ ಭೇದವು ಅಡಿಟಿಪ್ಪಣಿಯಲ್ಲಿ ಉಳಿದು, ಅಂಕಿಯು ಮುಖಪುಟಕ್ಕೆ ಬಂದಿದೆ. ಮಗು ಯಂತ್ರಕ್ಕೆ ಕೆಲಸ ಹೇಳುತ್ತದೆಯೋ, ಯಂತ್ರವೇ ಮಗುವಿಗೆ ಕೆಲಸ ಹೇಳುತ್ತದೆಯೋ ಎಂಬ ಭೇದವನ್ನು ಸೇಮರ್ ಪಾಪರ್ಟ್ ೧೯೮೦ರಷ್ಟು ಹಿಂದೆಯೇ ತನ್ನ ಗ್ರಂಥದಲ್ಲಿ ವಿವರಿಸಿದ್ದನು. ಆ ಭೇದವನ್ನು ಅಳತೆಯೊಳಕ್ಕೆ ತರುವ ಕೆಲಸ ಇನ್ನೂ ಆಗಬೇಕಾಗಿದೆ.

ಅಣುಶಾಸ್ತ್ರದಿಂದ ಕಲಿಯಬೇಕಾದ ಇನ್ನೊಂದು ಪಾಠವು ಇದಕ್ಕಿಂತ ಮುಖ್ಯವಾದುದು. ಅಂತರರಾಷ್ಟ್ರೀಯ ವಿಕಿರಣ ರಕ್ಷಣಾ ಆಯೋಗವು ೧೯೭೭ರ ಶಿಫಾರಸುಗಳಲ್ಲಿ ಮೂರು ತತ್ತ್ವಗಳನ್ನು ಕ್ರಮವಾಗಿ ಪ್ರತಿಪಾದಿಸಿತು. ಮೊದಲನೆಯದು ಸಮರ್ಥನೆ: ವಿಕಿರಣವನ್ನು ತರುವ ಯಾವ ಕೆಲಸವೂ ಅದರಿಂದ ನಿವ್ವಳ ಪ್ರಯೋಜನವಿದೆಯೆಂದು ತೋರಿದ ಹೊರತು ನಡೆಯಕೂಡದು. ಎರಡನೆಯದು ಮಿತಗೊಳಿಸುವಿಕೆ: ಸಮರ್ಥವಾದ ಕೆಲಸದಲ್ಲಿಯೂ ಯುಕ್ತವಾಗಿ ಸಾಧ್ಯವಾದಷ್ಟು ಕಡಿಮೆ ಪ್ರಮಾಣ ತಗಲುವಂತೆ ಏರ್ಪಾಡು ಮಾಡಬೇಕು. ಮೂರನೆಯದು ಮಿತಿ: ಇಷ್ಟೆಲ್ಲ ಆದ ಮೇಲೂ ಯಾರೂ ದಾಟಬಾರದ ಗೆರೆ. ಮಿತಿಯೆಂಬುದು ಇಲ್ಲಿ ಕೊನೆಯ ಬೇಲಿ. ಅದರವರೆಗೆ ಹೋಗಲು ಕೊಟ್ಟ ಪರವಾನಗಿಯಲ್ಲ. ವರ್ಷಕ್ಕೆ ೨೦ ಮಿಲಿಸೀವರ್ಟ್ ಉಂಟೆಂದು ಅಷ್ಟನ್ನೂ ತುಂಬಿಸಿಕೊಳ್ಳಲು ಯಾವ ಕೆಲಸಗಾರನೂ ಹೊರಡುವುದಿಲ್ಲ.

ಗಣಕಯಂತ್ರದ ವಿಷಯದಲ್ಲಿ ನಾವು ಮೊದಲೆರಡು ತತ್ತ್ವಗಳನ್ನು ಬಿಟ್ಟು ಮೂರನೆಯದನ್ನು ಮಾತ್ರ ಎರವಲು ತಂದಿದ್ದೇವೆ. ಫಲವಾಗಿ ಒಂದು ಗಂಟೆಯ ಮಿತಿಯು ಅನೇಕ ಮನೆಗಳಲ್ಲಿ ಒಂದು ಗಂಟೆಯ ಹಕ್ಕಾಗಿ ಮಾರ್ಪಟ್ಟಿದೆ: ಮಗು ಅದನ್ನು ದಿನವೂ ವಸೂಲು ಮಾಡುತ್ತದೆ, ಅದು ಮುಗಿದೊಡನೆ ಜಗಳ ಆರಂಭವಾಗುತ್ತದೆ. ಈ ಬಳಕೆ ಮಗುವಿಗೆ ಏತಕ್ಕೆ, ಇದನ್ನೇ ಬೇರೆ ರೀತಿಯಲ್ಲಿ ಪಡೆಯಬಹುದೇ ಎಂಬ ಪ್ರಶ್ನೆ ಏಳುವುದೇ ಇಲ್ಲ. ಹೋಲಿಕೆಯನ್ನು ಅತಿಯಾಗಿ ಎಳೆಯಬಾರದೆಂಬುದೂ ನಿಜ. ತಗಲಿದ ವಿಕಿರಣದಿಂದ ಕೆಲಸಗಾರನ ದೇಹಕ್ಕೆ ಯಾವ ಲಾಭವೂ ಇಲ್ಲ. ಗಣಕಯಂತ್ರದಿಂದ ಮಗುವಿಗೆ ಲಾಭವಾಗಬಹುದು. ಆದರೆ ಹಾಗಿರುವುದರಿಂದಲೇ ಸಮರ್ಥನೆಯ ಪ್ರಶ್ನೆಯು ಇಲ್ಲಿ ಹೆಚ್ಚು ಸೂಕ್ಷ್ಮವಾಗುತ್ತದೆಯೇ ಹೊರತು ಅನಗತ್ಯವಾಗುವುದಿಲ್ಲ.

೪

ಇನ್ನು ಇತಿಹಾಸದ ಕಡೆಗೆ ತಿರುಗೋಣ. ಕನ್ನಡ ನಾಡಿನ ಮಕ್ಕಳಿಗೆ ಪರದೆಯ ಹೊತ್ತನ್ನು ಮೊತ್ತಮೊದಲು ಅಳೆದು ಕೊಟ್ಟದ್ದು ಮನೆಯೂ ಅಲ್ಲ, ವೈದ್ಯರೂ ಅಲ್ಲ; ಒಂದು ಉಪಗ್ರಹ. ೧೯೭೫ರ ಆಗಸ್ಟ್ ೧ರಿಂದ ೧೯೭೬ರ ಜುಲೈ ೩೧ರವರೆಗೆ ನಡೆದ ಉಪಗ್ರಹ ಬೋಧನಾ ದೂರದರ್ಶನ ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು ೨೪೦೦ ಹಳ್ಳಿಗಳಿಗೆ ಅಮೆರಿಕದ ಉಪಗ್ರಹದ ಮೂಲಕ ಕಾರ್ಯಕ್ರಮಗಳು ಬಂದವು. ನಮ್ಮ ರಾಜ್ಯದಿಂದ ವಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳು ಅದರಲ್ಲಿದ್ದವು. ಬೆಳಗಿನ ಒಂದೂವರೆ ಗಂಟೆಯನ್ನು ಶಾಲೆಯ ಮಕ್ಕಳಿಗಾಗಿ ಮೀಸಲಿಟ್ಟು, ಅದನ್ನು ಹಿಂದಿ, ಕನ್ನಡ, ತೆಲುಗು, ಒಡಿಯಾ ಎಂಬ ನಾಲ್ಕು ಭಾಷೆಗಳಿಗೆ ಹಂಚಿದರು. ಕನ್ನಡದ ಮಗುವಿನ ಪಾಲಿಗೆ ಬಂದದ್ದು ದಿನಕ್ಕೆ ೨೨½ ನಿಮಿಷ.

ಈ ಇಪ್ಪತ್ತೆರಡೂವರೆ ನಿಮಿಷವು ಇಂದಿನ ವೈದ್ಯರು ಹೇಳುವ ಮಿತಿಯ ಬಹಳ ಒಳಗೇ ಇದೆ. ಆದರೆ ಅದು ಮಗುವಿನ ಕಣ್ಣನ್ನೋ ನಿದ್ದೆಯನ್ನೋ ನೋಡಿ ಮಾಡಿದ ಲೆಕ್ಕವಲ್ಲ. ತೊಂಬತ್ತನ್ನು ನಾಲ್ಕರಿಂದ ಭಾಗಿಸಿದ ಲೆಕ್ಕ. ಆದರೂ ಆ ಏರ್ಪಾಡಿನಲ್ಲಿ ಇಂದು ನಾವು ಕಳೆದುಕೊಂಡಿರುವ ಎರಡು ಗುಣಗಳಿದ್ದವು. ಹಳ್ಳಿಗೊಂದೇ ಪೆಟ್ಟಿಗೆಯಿದ್ದುದರಿಂದ ಮಕ್ಕಳು ಕೂಡಿ ನೋಡುತ್ತಿದ್ದರು. ಕಾರ್ಯಕ್ರಮಕ್ಕೆ ಕೊನೆಯಿತ್ತು, ಅದು ಮುಗಿಯಿತೆಂದು ಹೇಳಲು ಯಾರೂ ಕೂಗಾಡಬೇಕಾಗಿರಲಿಲ್ಲ. ೧೯೮೪-೮೫ರಲ್ಲಿ ಕೇಂದ್ರ ಸರಕಾರವು ಆಯ್ದ ಪ್ರೌಢಶಾಲೆಗಳಿಗೆ ಬಿ.ಬಿ.ಸಿ. ಮೈಕ್ರೋ ಎಂಬ ಗಣಕಯಂತ್ರಗಳನ್ನು ಕೊಟ್ಟಾಗಲೂ ಮಿತಿಯ ಪ್ರಶ್ನೆ ಏಳಲಿಲ್ಲ: ಯಂತ್ರ ಕೆಲವೇ, ಮಕ್ಕಳು ಬಹಳ, ಸರದಿಯೇ ಮಿತಿ. ಕೊರತೆಯು ತಾನಾಗಿ ಕಟ್ಟಿದ ಮಿತಿಯು ಯಂತ್ರವು ಅಗ್ಗವಾಗುತ್ತಲೇ ಕಳಚಿಬಿತ್ತು. ಇಂದು ಮನೆಯವರು ವಿಧಿಸಬೇಕಾಗಿ ಬಂದಿರುವ ಕಾಲಮಿತಿಯು ಹಿಂದೆ ಯಂತ್ರದ ದುರ್ಲಭತೆಯೇ ಮಾಡುತ್ತಿದ್ದ ಕೆಲಸದ ಉತ್ತರಾಧಿಕಾರಿಯೆಂದು ತಿಳಿದರೆ, ತಾಯಿತಂದೆಯರ ಮೇಲಿನ ಹೊರೆ ಎಷ್ಟು ಹೊಸದೆಂಬುದು ಅರ್ಥವಾಗುತ್ತದೆ.

ಸರಕಾರವೇ ಈ ಮಿತಿಯನ್ನು ವಿಧಿಸಹೊರಟ ಪ್ರಸಂಗವೂ ನಮ್ಮ ರಾಜ್ಯದಲ್ಲಿ ನಡೆದಿದೆ. ಕೊರೋನಾ ಸಾಂಕ್ರಾಮಿಕದಿಂದ ಶಾಲೆಗಳು ಮುಚ್ಚಿದ್ದ ೨೦೨೦ರ ಜೂನ್ ೧೫ರಂದು ಕರ್ನಾಟಕ ಸರಕಾರವು ಎಲ್‌ಕೆಜಿಯಿಂದ ಐದನೆಯ ತರಗತಿಯವರೆಗೆ ಆನ್‌ಲೈನ್ ತರಗತಿಗಳನ್ನು ನಿಷೇಧಿಸಿತು. ಜೂನ್ ೨೭ರ ಆದೇಶದಲ್ಲಿ ನಿಷೇಧವನ್ನು ಸಡಿಲಿಸಿ, ಪೂರ್ವಪ್ರಾಥಮಿಕ ಮಕ್ಕಳಿಗೆ ವಾರಕ್ಕೊಮ್ಮೆ ಮೂವತ್ತು ನಿಮಿಷ, ಒಂದರಿಂದ ಐದನೆಯ ತರಗತಿಯವರಿಗೆ ವಾರದಲ್ಲಿ ಮೂರು ದಿನ, ದಿನಕ್ಕೆ ಎರಡು ಪಾಠ, ಪಾಠಕ್ಕೆ ೩೦ರಿಂದ ೪೫ ನಿಮಿಷ ಎಂದು ಗೊತ್ತುಮಾಡಿತು. ಜುಲೈ ೮ರಂದು ಉಚ್ಚ ನ್ಯಾಯಾಲಯವು ಸಂವಿಧಾನದ ೨೧ ಮತ್ತು ೨೧ಎ ಅನುಚ್ಛೇದಗಳನ್ನು ಎತ್ತಿಹೇಳಿ ಎರಡೂ ಆದೇಶಗಳಿಗೆ ತಡೆಯಾಜ್ಞೆ ಕೊಟ್ಟಿತು. ಜೊತೆಗೆ, ಶಾಲೆಗಳು ಇಂಥ ತರಗತಿಗಳನ್ನು ಕಡ್ಡಾಯ ಮಾಡುವಂತಿಲ್ಲ, ಅದಕ್ಕಾಗಿ ಹೆಚ್ಚಿನ ಶುಲ್ಕ ಪಡೆಯುವಂತಿಲ್ಲ ಎಂದೂ ಸ್ಪಷ್ಟಪಡಿಸಿತು. ಅದೇ ತಿಂಗಳ ೧೪ರಂದು ಕೇಂದ್ರ ಸರಕಾರದ ಪ್ರಜ್ಞಾತಾ ಮಾರ್ಗಸೂಚಿ ಹೊರಬಂದಿತು. ಅದರ ಅಂಕಿಗಳೂ ಹೆಚ್ಚು ಕಡಿಮೆ ಇವೇ, ಆದರೆ ಅದು ಸಲಹೆಯ ರೂಪದ್ದು.

ಈ ಪ್ರಸಂಗವನ್ನು ಸರಕಾರದ ಸೋಲೆಂದೋ ಖಾಸಗಿ ಶಾಲೆಗಳ ಗೆಲುವೆಂದೋ ಓದುವುದು ವಾಡಿಕೆ. ಆದರೆ ಎರಡು ಪಕ್ಷಗಳೂ ಒಂದೇ ಮಗುವನ್ನು ಕಣ್ಣಮುಂದೆ ಇಟ್ಟುಕೊಂಡು ವಾದಿಸಿದವೆಂಬುದನ್ನು ಗಮನಿಸಿದವರು ಕಡಿಮೆ. ಅದು ಮನೆಯಲ್ಲಿ ಲ್ಯಾಪ್‌ಟಾಪ್ ಇರುವ, ತಂತಿಯ ಮೂಲಕ ಇಂಟರ್‌ನೆಟ್ ಬರುವ ಮಗು. ಅದಕ್ಕೆ ಅತಿಯಾದೀತೇ ಎಂಬುದೇ ಚರ್ಚೆಯ ವಿಷಯ. ಕಾಳೀ ಕಣಿವೆಯ ಒಳನಾಡಿನಲ್ಲಿ, ಅಂಕೋಲೆಯ ಘಟ್ಟದ ಬುಡದ ಕೇರಿಗಳಲ್ಲಿ ಮನೆಗೊಂದೇ ಮೊಬೈಲು, ಅದೂ ದುಡಿಯಲು ಹೋದ ತಂದೆಯ ಜೇಬಿನಲ್ಲಿ. ಸಿಗ್ನಲ್ ಬೇಕಾದರೆ ಗುಡ್ಡ ಹತ್ತಬೇಕು. ಆ ಮಗುವಿಗೆ ದೊರೆತ ಕಾಲ ಸೊನ್ನೆ. ಗರಿಷ್ಠ ಮಿತಿಯನ್ನು ಮಾತ್ರ ಬರೆಯುವ ಶಾಸನಕ್ಕೆ ಸೊನ್ನೆಯು ಪೂರ್ಣ ಪಾಲನೆಯಾಗಿ ಕಾಣುತ್ತದೆ. ಇದು ಆ ಬರೆಹಗಳ ದೊಡ್ಡ ಲೋಪ. ಆ ಸೊನ್ನೆಯನ್ನು ಕಂಡದ್ದು ೨೦೨೦ರ ಆಗಸ್ಟ್‌ನಲ್ಲಿ ಆರಂಭವಾದ ವಿದ್ಯಾಗಮ ಯೋಜನೆ. ಸರಕಾರಿ ಶಾಲೆಯ ಶಿಕ್ಷಕರು ಮಕ್ಕಳಿದ್ದಲ್ಲಿಗೇ ಹೋಗಿ ದೇವಸ್ಥಾನದ ಅಂಗಳದಲ್ಲಿ, ಮರದ ಕಟ್ಟೆಯ ಮೇಲೆ, ಸಮುದಾಯ ಭವನದಲ್ಲಿ ಪಾಠ ಹೇಳಿದರು. ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ಅದನ್ನು ನಿಲ್ಲಿಸಬೇಕಾಯಿತಾದರೂ, ಮಗುವಿನ ಹೊತ್ತನ್ನು ಕುರಿತು ಆ ವರ್ಷ ನಡೆದ ಚಿಂತನೆಗಳಲ್ಲಿ ಯಂತ್ರದಿಂದ ಹೊರಡದೆ ಮಗುವಿನಿಂದ ಹೊರಟದ್ದು ಅದೊಂದೇ ಎಂದು ನಮ್ಮ ಅಭಿಪ್ರಾಯ.

೫

ಮಿತಿಯು ಯಾರನ್ನು ಕಟ್ಟುತ್ತದೆ ಎಂಬುದು ಮುಂದಿನ ಪ್ರಶ್ನೆ. ಮಕ್ಕಳ ಗಂಟೆಗಳಿಗೆ ಮಿತಿ ಹಾಕಿದ ಶಾಸನಗಳು ಭಾರತದ ಇತಿಹಾಸಕ್ಕೆ ಹೊಸವಲ್ಲ. ೧೮೮೧ರ ಕಾರ್ಖಾನೆ ಕಾಯಿದೆಯು ಏಳು ವರ್ಷದೊಳಗಿನವರನ್ನು ದುಡಿಮೆಯಿಂದ ಹೊರಗಿಟ್ಟು, ಏಳರಿಂದ ಹನ್ನೆರಡು ವರ್ಷದವರಿಗೆ ದಿನಕ್ಕೆ ಒಂಬತ್ತು ಗಂಟೆಯ ಮಿತಿ ಹಾಕಿತು. ೧೮೯೧ರ ಕಾಯಿದೆಯು ಒಂಬತ್ತರಿಂದ ಹದಿನಾಲ್ಕು ವರ್ಷದವರಿಗೆ ಏಳು ಗಂಟೆಯನ್ನು ಗೊತ್ತುಮಾಡಿತು. ೧೯೨೨ರಲ್ಲಿ ಹನ್ನೆರಡರಿಂದ ಹದಿನೈದು ವರ್ಷದವರಿಗೆ ಅದು ಆರು ಗಂಟೆಯಾಯಿತು. ಮೊದಲ ಕಾಯಿದೆಯ ಹಿಂದೆ ಮುಂಬಯಿಯ ಗಿರಣಿಗಳ ಸ್ಪರ್ಧೆಯನ್ನು ತಗ್ಗಿಸಬೇಕೆಂಬ ಲ್ಯಾಂಕಶೈರ್ ಗಿರಣಿ ಮಾಲೀಕರ ಸ್ವಾರ್ಥವೂ ಇದ್ದಿತೆಂಬುದು ವಿದ್ಯಾರ್ಥಿಗಳಿಗೆ ತಿಳಿದ ವಿಷಯವೇ. ಹಾಗಿದ್ದೂ ಆ ಶಾಸನ ಪರಂಪರೆಯಿಂದ ಕ್ರಮೇಣ ಹಿತವಾದುದಕ್ಕೆ ಕಾರಣವಿದೆ. ಕಟ್ಟಳೆಯನ್ನು ಪಾಲಿಸುವ ಹೊಣೆಯನ್ನು ಅದು ಮಗುವಿನ ಮೇಲಾಗಲಿ ಬಡ ತಾಯಿಯ ಮೇಲಾಗಲಿ ಹೊರಿಸದೆ ಗಿರಣಿಯ ಒಡೆಯನ ಮೇಲೆ ಹೊರಿಸಿತು; ತಪಾಸಣೆಗೆ ಅಧಿಕಾರಿಯನ್ನು ನೇಮಿಸಿತು.

ಗಣಕಯಂತ್ರದ ಕಾಲಮಿತಿಯ ವಿಧಿಗಳು ಇದಕ್ಕೆ ವಿರುದ್ಧವಾಗಿವೆ. ಅವು ಮಾತಾಡುವುದು ತಾಯಿತಂದೆಯರೊಡನೆ ಮಾತ್ರ. ಒಂದು ಚಿತ್ರ ಮುಗಿಯುವ ಮೊದಲೇ ಇನ್ನೊಂದನ್ನು ಎತ್ತಿಕೊಡುವಂತೆ, ಕೊನೆಯೆಂಬುದೇ ಬಾರದಂತೆ ರಚಿಸಿದ ತಂತ್ರದ ಒಡೆಯರು ಆ ವಿಧಿಗಳ ಹೊರಗೆ ನಿಂತಿದ್ದಾರೆ. ಒಂದು ಕಡೆ ನುರಿತ ಎಂಜಿನಿಯರುಗಳ ಪಡೆ. ಮತ್ತೊಂದು ಕಡೆ ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಬಂದು ಮಲಗಬೇಕಾದ ತಂದೆ, ಅವನ ನಿದ್ದೆ ಕೆಡದಂತೆ ಮಗುವನ್ನು ಸುಮ್ಮನಿರಿಸಬೇಕಾದ ತಾಯಿ. ಈ ಎರಡರ ನಡುವೆ ಗಡಿಯಾರವೊಂದನ್ನು ಇಟ್ಟು ನ್ಯಾಯವಾಯಿತೆಂದರೆ ಹೇಗೆ? ಚೀನಾ ದೇಶವು ೨೦೨೧ರ ಸೆಪ್ಟೆಂಬರ್‌ನಿಂದ ಅಪ್ರಾಪ್ತರಿಗೆ ಆನ್‌ಲೈನ್ ಆಟವನ್ನು ಶುಕ್ರವಾರ, ಶನಿವಾರ, ಭಾನುವಾರ ಮತ್ತು ರಜಾದಿನಗಳ ರಾತ್ರಿ ಎಂಟರಿಂದ ಒಂಬತ್ತು ಗಂಟೆಗೆ ಸೀಮಿತಗೊಳಿಸಿ ಅದರ ಹೊಣೆಯನ್ನು ಕಂಪನಿಗಳ ಮೇಲೆ ಹಾಕಿತು. ಕಟ್ಟಿದ್ದು ತಕ್ಕವರನ್ನೇ. ಆದರೆ ಮನೆಯು ನಿರ್ಣಯಿಸಬೇಕಾದ ಹೊತ್ತನ್ನು ರಾಜ್ಯವೇ ನಿರ್ಣಯಿಸಿದರೆ ಮನೆಯ ವಿವೇಕಕ್ಕೆ ಸ್ಥಳವಿಲ್ಲದಾಗುತ್ತದೆ. ನಮ್ಮ ದೇಶದ ೨೦೨೩ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯಿದೆಯ ೯ನೆಯ ಪ್ರಕರಣವು ಮಕ್ಕಳ ನಡವಳಿಕೆಯನ್ನು ಹಿಂಬಾಲಿಸಿ ಗಮನಿಸುವುದನ್ನೂ ಅವರನ್ನೇ ಗುರಿಯಾಗಿಟ್ಟ ಜಾಹೀರಾತನ್ನೂ ನಿಷೇಧಿಸುತ್ತದೆ. ಇದು ಗಂಟೆಯನ್ನು ಮುಟ್ಟದೆ ಗಂಟೆಯನ್ನು ಕದಿಯುವ ಕೈಯನ್ನು ಹಿಡಿಯುವ ಪ್ರಯತ್ನ. ಕಾರ್ಖಾನೆ ಕಾಯಿದೆಗಳ ಪರಂಪರೆಗೆ ಸಮೀಪವಾದದ್ದು ಇದೇ. ಇದರ ಪಾಲನೆ ಎಷ್ಟು ಬಿಗಿಯಾಗುವುದೋ ಅಷ್ಟು ಮಟ್ಟಿಗೆ ಮನೆಯ ಹೊರೆ ಹಗುರವಾದೀತು.

೬

ಕಾಲಮಿತಿಯನ್ನು ಕುರಿತ ಬರೆಹಗಳಲ್ಲಿ ಉಳಿದ ಕಾಲದ ಗತಿಯೇನೆಂಬ ವಿಚಾರವು ಸಾಮಾನ್ಯವಾಗಿ ಒಂದೆರಡು ವಾಕ್ಯಗಳಲ್ಲಿ ಮುಗಿಯುತ್ತದೆ. ನಮ್ಮ ಜಿಲ್ಲೆಯ ಮಟ್ಟಿಗೆ ಅದು ಹಾಗೆ ಮುಗಿಯುವ ವಿಚಾರವಲ್ಲ. ಅಂಕೋಲೆಯ ಹಾಲಕ್ಕಿ ಒಕ್ಕಲಿಗರ ಹಾಡುಗಳನ್ನು ತಮ್ಮ ಕಂಠದಲ್ಲಿ ಕಾಪಾಡಿಕೊಂಡು ಬಂದ, ೨೦೧೭ರಲ್ಲಿ ಪದ್ಮಶ್ರೀ ಪ್ರಶಸ್ತಿ ಪಡೆದ ಶ್ರೀಮತಿ ಸುಕ್ರಿ ಬೊಮ್ಮಗೌಡರು ೨೦೨೫ರ ಫೆಬ್ರವರಿಯಲ್ಲಿ ತೀರಿಕೊಂಡರು. ಅಂಥ ಹಾಡು ಪುಸ್ತಕದಿಂದ ಬರುವುದಲ್ಲ. ನಟ್ಟಿಯ ಗದ್ದೆಯಲ್ಲಿ, ಮದುವೆಯ ಚಪ್ಪರದಲ್ಲಿ, ಸಂಜೆಯ ಅಂಗಳದಲ್ಲಿ ಮಕ್ಕಳು ಸುಮ್ಮನೆ ಕುಳಿತು, ಬೇಸರಪಟ್ಟು, ಮತ್ತೆ ಕೇಳಿ, ತಿಳಿಯದೆಯೇ ಕಲಿಯುವುದು ಅದು. ಬೇಸರವನ್ನು ತುಂಬಲು ಬೇರೆ ಸಾಧನವಿಲ್ಲದ ಹೊತ್ತು ಅದಕ್ಕೆ ಬೇಕು. ಎಳೆಯರ ಆ ಹೊತ್ತು ಪರದೆಗೆ ಸಂದರೆ ಮಗುವಿಗಾಗುವ ಹಾನಿಯನ್ನು ವೈದ್ಯರು ಅಳೆದಾರು. ಸಮುದಾಯದ ನೆನಪಿಗಾಗುವ ಹಾ��ಿಯನ್ನು ಅಳೆಯುವವರು ಯಾರು? ಅದೇ ಯಂತ್ರವು ಅಂಥ ಹಾಡುಗಳನ್ನು ಧ್ವನಿಮುದ್ರಿಸಿ ಉಳಿಸಲು ಸಹಾಯಕವಾಗಿದೆಯೆಂಬುದನ್ನೂ ಮರೆಯಲಾಗದು. ಆದರೆ ಉಳಿಸಿದ ಹಾಡು ಬೇರೆ, ಹಾಡುವ ಮಗು ಬೇರೆ.

ಈ ಮಾತುಗಳನ್ನು ಯಂತ್ರದ್ವೇಷವೆಂದು ತಿಳಿಯಬಾರದು. ಕೈಗಾದ ಚರಿತ್ರೆಯಲ್ಲಿಯೇ ಇದಕ್ಕೊಂದು ನಿದರ್ಶನ ದೊರೆಯುತ್ತದೆ. ಅಣುಸ್ಥಾವರವನ್ನು ವಿರೋಧಿಸಿ ಡಾ. ಶಿವರಾಮ ಕಾರಂತರು ೧೯೮೯ರ ಲೋಕಸಭಾ ಚುನಾವಣೆಯಲ್ಲಿ ಈ ಕ್ಷೇತ್ರದಿಂದಲೇ ಸ್ಪರ್ಧಿಸಿ ಸೋತರು. ಅವರನ್ನು ವಿಜ್ಞಾನದ ವಿರೋಧಿಗಳೆಂದವರೂ ಉಂಟು. ಆದರೆ ಕನ್ನಡದ ಮಕ್ಕಳಿಗಾಗಿ ವಿಜ್ಞಾನವನ್ನೂ ಸೇರಿಸಿಕೊಂಡು ಇಡೀ ಜಗತ್ತನ್ನು ಪರಿಚಯಿಸುವ ಬಾಲಪ್ರಪಂಚವೆಂಬ ಮೂರು ಸಂಪುಟಗಳ ವಿಶ್ವಕೋಶವನ್ನು ೧೯೩೬ರಲ್ಲಿಯೇ ಹೊರತಂದವರು ಅವರೇ. ಪುತ್ತೂರಿನ ಬಾಲವನದಲ್ಲಿ ಆಟ, ನಾಟಕ, ಕುಣಿತಗಳನ್ನು ಶಿಕ್ಷಣದ ಮಾರ್ಗವಾಗಿ ಪ್ರಯೋಗಿಸಿದವರೂ ಅವರೇ. ಸ್ಥಾವರದ ವಿಷಯದಲ್ಲಿ ಅವರ ನಿಲುವು ಸರಿಯೋ ತಪ್ಪೋ ಎಂಬುದು ಇಲ್ಲಿ ಅಪ್ರಸ್ತುತ. ಯಂತ್ರವನ್ನು ಬೇಡವೆನ್ನುವುದು ಬೇರೆ, ಅದು ಎಲ್ಲಿ, ಏತಕ್ಕೆ, ಯಾರ ಬೆಲೆಯಲ್ಲಿ ಎಂದು ಕೇಳುವುದು ಬೇರೆ ಎಂಬುದು ಅವರ ಜೀವನದಿಂದ ಸ್ಪಷ್ಟವಾಗುತ್ತದೆ. ವಿಕಿರಣ ರಕ್ಷಣೆಯ ಮೊದಲನೆಯ ತತ್ತ್ವವೂ ಕೇಳುವುದು ಇದನ್ನೇ ಅಲ್ಲವೆ?

೭

ಮೇಲಿನ ವಿಮರ್ಶೆಯಿಂದ ಕಾಲಮಿತಿಯೇ ವ್ಯರ್ಥವೆಂಬ ನಿರ್ಣಯಕ್ಕೆ ಬರಬೇಕಾಗಿಲ್ಲ. ಎರಡು ವರ್ಷದೊಳಗಿನ ಕೂಸಿನ ವಿಷಯದಲ್ಲಿ ಎಲ್ಲ ವೈದ್ಯ ಸಂಘಗಳ ಮಾತೂ ಬಹುಮಟ್ಟಿಗೆ ಒಂದೇ ಆಗಿದೆ. ಸಾಕ್ಷ್ಯ ಬಲವಾಗುವವರೆಗೆ ಕಾಯದೆ ಅದನ್ನು ಪಾಲಿಸುವುದೇ ಲೇಸು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ೨೦೧೪ರಲ್ಲಿಯೇ ತಂತ್ರಜ್ಞಾನದ ಅತಿಬಳಕೆಗಾಗಿ ಪ್ರತ್ಯೇಕ ಚಿಕಿತ್ಸಾಲಯವನ್ನು ತೆರೆಯಬೇಕಾಗಿ ಬಂದುದನ್ನು ನೋಡಿದರೆ ಅಪಾಯವು ಕಲ್ಪಿತವಲ್ಲವೆಂಬುದು ತಿಳಿಯುತ್ತದೆ. ಆದರೆ ಎರಡು ವರ್ಷ ದಾಟಿದ ಮಗುವಿನ ವಿಷಯದಲ್ಲಿ ಗಡಿಯಾರವನ್ನು ಕೈಗೆತ್ತಿಕೊಳ್ಳುವ ಮೊದಲು ಮಾಡಬೇಕಾದ ಕೆಲಸಗಳಿವೆ.

ಮೊದಲನೆಯದಾಗಿ, ನಿದ್ದೆ, ಓಡಾಟ, ಊಟ, ಮಾತು ಇವುಗಳ ಹೊತ್ತನ್ನು ಭದ್ರಪಡಿಸಿ, ಉಳಿದುದರಲ್ಲಿ ಯಂತ್ರಕ್ಕೆ ಸ್ಥಳ ಕೊಡಬೇಕು. ಯಂತ್ರದ ಹೊತ್ತನ್ನು ಮೊದಲು ಗೊತ್ತುಮಾಡಿ ಉಳಿದುದನ್ನು ನಿದ್ದೆಗೆ ಬಿಡುವುದಲ್ಲ. ಎರಡನೆಯದಾಗಿ, ಮಾತಾಡುವ ಬಳಕೆ, ಮಾಡುವ ಬಳಕೆ, ಬರಿದೆ ನೋಡುವ ಬಳಕೆ ಎಂಬ ಮೂರನ್ನು ಬೇರೆ ಬೇರೆಯಾಗಿ ಎಣಿಸಬೇಕು. ಮಿತಿಯು ಬಿಗಿಯಾಗಬೇಕಾದದ್ದು ಮೂರನೆಯದರ ಮೇಲೆ. ಮೂರನೆಯದಾಗಿ, ಕೊನೆಯುಳ್ಳದ್ದನ್ನು ಕೊಡಬೇಕು: ಒಂದು ಕಥೆ, ಒಂದು ಚಿತ್ರ, ಒಂದು ಆಟ. ನಿಮಿಷ ತುಂಬಿತೆಂದು ಕಥೆಯ ನಡುವೆ ಕಸಿದುಕೊಳ್ಳುವುದಕ್ಕಿಂತ ಕಥೆ ಮುಗಿಯಿತೆಂದು ಮುಚ್ಚುವುದನ್ನು ಮಗು ಬೇಗ ಒಪ್ಪುತ್ತದೆ. ನಾಲ್ಕನೆಯದಾಗಿ, ಮಗುವಿಗೆ ವಿಧಿಸಿದ ಕಟ್ಟಳೆ ಊಟದ ಹೊತ್ತಿನಲ್ಲಾದರೂ ಹಿರಿಯರಿಗೂ ಅನ್ವಯಿಸಬೇಕು. ಐದನೆಯದಾಗಿ, ಪಾಳಿಯ ಮನೆಗಳಲ್ಲಿ ದಿನದ ಲೆಕ್ಕಕ್ಕಿಂತ ವಾರದ ಲೆಕ್ಕವು ಹೆಚ್ಚು ಪ್ರಾಯೋಗಿಕ. ರಾತ್ರಿ ಪಾಳಿಯ ವಾರದಲ್ಲಿ ಸ್ವಲ್ಪ ಹೆಚ್ಚಾದುದನ್ನು ಹಗಲು ಪಾಳಿಯ ವಾರದಲ್ಲಿ ಸರಿದೂಗಿಸಬಹುದು. ಸ್ಥಾವರದ ಮಿತಿಯನ್ನೂ ಐದು ವರ್ಷಗಳ ಸರಾಸರಿಯಲ್ಲಿ ಎಣಿಸುವರಷ್ಟೆ.

ಕೊನೆಯದಾಗಿ ನಮ್ಮ ಕಾಲೇಜುಗಳ ಕರ್ತವ್ಯದ ಬಗ್ಗೆ ಒಂದು ಮಾತು. ಈವರೆಗಿನ ಮಾರ್ಗಸೂಚಿಗಳ ಸಾಕ್ಷ್ಯವು ಬಹುಮಟ್ಟಿಗೆ ಪರದೇಶಗಳ ಮನೆಗಳದು. ಕೊಂಕಣಿ, ಕನ್ನಡ, ಹಿಂದಿ ಮೂರನ್ನೂ ಒಂದೇ ಅಂಗಳದಲ್ಲಿ ಕೇಳಿ ಬೆಳೆಯುವ ಮಗುವಿನ, ಅಜ್ಜಿಯಿರುವ ಮನೆಯ, ಪಾಳಿಯ ಮನೆಯ, ಒಂದೇ ಮೊಬೈಲಿನ ಮನೆಯ ದಿನಚರಿ ಅದರಲ್ಲಿ ಕಾಣದು. ೧೯೬೬ರಲ್ಲಿ ದಿನಕರ ದೇಸಾಯಿಯವರ ಕೆನರಾ ವೆಲ್ಫೇರ್ ಟ್ರಸ್ಟ್ ಅಂಕೋಲೆಯಲ್ಲಿ ಗೋಖಲೆ ಸೆಂಟಿನರಿ ಕಾಲೇಜನ್ನು ತೆರೆದಾಗ ಈ ಜಿಲ್ಲೆಯ ಮಕ್ಕಳು ಓದಲು ಹೊರಗೆ ಹೋಗಬೇಕಾದ ಕಷ್ಟ ತಪ್ಪಲಿ ಎಂಬ ಆಶಯವಿತ್ತು. ಈ ಜಿಲ್ಲೆಯನ್ನು ಕುರಿತ ತಿಳಿವಿಗಾಗಿಯೂ ನಾವು ಹೊರಗೆ ನೋಡುತ್ತ ಕುಳಿತಿರುವುದು ಆ ಆಶಯಕ್ಕೆ ಒಪ್ಪುವಂಥದಲ್ಲ. ಕಾರವಾರ ಮತ್ತು ಅಂಕೋಲೆಯ ಕಾಲೇಜುಗಳ ವಿದ್ಯಾರ್ಥಿಗಳು ತಮ್ಮ ತಮ್ಮ ಊರಿನ ಹತ್ತು ಹತ್ತು ಮನೆಗಳಲ್ಲಿ, ಮನೆಯವರ ಒಪ್ಪಿಗೆ ಪಡೆದು, ಹೆಸರನ್ನು ಬಿಟ್ಟು, ಮಕ್ಕಳ ಒಂದು ವಾರದ ದಿನಚರಿಯನ್ನು ಗಂಟೆಗಂಟೆಗೆ ಬರೆದುಕೊಂಡರೆ ಎರಡು ವರ್ಷಗಳಲ್ಲಿ ಒಂದು ಉಪಯುಕ್ತ ದಾಖಲೆ ಸಿದ್ಧವಾದೀತು. ಪರದೆಯ ಹೊತ್ತನ್ನು ಮಾತ್ರವಲ್ಲ, ಅದು ಯಾವ ಹೊತ್ತಿನ ಸ್ಥಾನವನ್ನು ಆಕ್ರಮಿಸಿತು, ಆಗ ಮನೆಯಲ್ಲಿ ಯಾರಿದ್ದರು ಎಂಬುದನ್ನೂ ಬರೆದುಕೊಳ್ಳಬೇಕು. ಅಂಥ ದಾಖಲೆ ಕೈಯಲ್ಲಿದ್ದರೆ, ಮುಂದೆ ಸರಕಾರವಾಗಲಿ ಶಾಲೆಯಾಗಲಿ ನಮ್ಮ ಮಕ್ಕಳಿಗೆ ಕಾಲಮಿತಿಯನ್ನು ವಿಧಿಸಹೊರಟಾಗ, ಅದು ಯಾವ ಮಗುವಿನ ದಿನವನ್ನು ನೋಡಿ ಮಾಡಿದ ವಿಧಿ ಎಂದು ಕೇಳುವ ಅಧಿಕಾರ ನಮಗೆ ಬರುತ್ತದೆ.